ಮಿರಜಿನಿಂದ ತಂದ ಮಷೀನು

"ಹಿಡೀರಿ, ಹಿಡೀರಿ! ಎಡಕ್ಕ ವಾಲಾಕತ್ತಾರ!"

ಗೋಡೆಗೆ ಆನಿಸಿ ಕೂಡಿಸಿದ್ದ ಚನಮಲ್ಲಪ್ಪನ ಶವವನ್ನು ತಮ್ಮ ಶಿವಯೋಗೆಪ್ಪ ಎರಡೂ ಕೈಯಿಂದ ತಡೆದ. ಕೂಗಿದ ಪಕ್ಕದ ಮನೆಯ ಕಾಶಪ್ಪ ಬಗ್ಗಿ ನೋಡಿದ. ಶವದ ಕೆಳಗಿನ ಮಣೆಯ ಒಂದು ಕಾಲು ಗಿಡ್ಡವಾಗಿತ್ತು.

"ಬ್ಯಾರೆ ಮಣಿ ತರ್ಲೇನ್ರಿ ವೈನಿ?" ಎಂದ ಶಿವಯೋಗೆಪ್ಪ.

"ಬ್ಯಾಡಪಾ," ಎಂದಳು ಚನಮಲ್ಲಪ್ಪನ ಹೆಂಡತಿ ಗುರುಬಸವ್ವ. "ನಿಮ್ಮಣ್ಣ ತಮ್ಮ ಕೈಯಾರೆ ಮಾಡಿದ್ದು ಅದೊಂದs. ಅದರ ಮ್ಯಾಲೇ ಕುಂದರ್ಲಿ."

ಶಿವಯೋಗೆಪ್ಪ ರಟ್ಟಿನ ಚೂರು ಮಡಚಿ ಗಿಡ್ಡ ಕಾಲಿನ ಕೆಳಗೆ ತುರುಕಿದ. ಏಳುವಾಗ ಅಣ್ಣನ ಎಡಗೈ ಕಣ್ಣಿಗೆ ಬಿತ್ತು. ಕಿರುಬೆರಳು, ಉಂಗುರಬೆರಳು ಇರಬೇಕಾದಲ್ಲಿ ಬರೀ ನುಣುಪು ಚರ್ಮ. ಅವಸರದಿಂದ ಶಾಲು ಎಳೆದು ಮುಚ್ಚಿದ.

"ಎಷ್ಟ ಹುರುಪಿನಿಂದ ಬಡಿಗತನ ಸುರು ಮಾಡಿದ್ರು," ಎಂದ ಕಾಶಪ್ಪ. "ಬೆರಳು ಹ್ವಾದ ಮ್ಯಾಲೆ ಕಟ್ಟಿಗಿ ಮುಟ್ಟಲಿಲ್ಲ. ಕೇಳಿದ್ರ, ನಂದs ತಪ್ಪು, ಯಾರದೂ ಅಲ್ಲ ಅಂತಿದ್ರು."

ಶಿವಯೋಗೆಪ್ಪ ನೀರು ಕುಡಿಯುವ ನೆಪ ಮಾಡಿ ಹಿತ್ತಲಿಗೆ ಹೋದ.

* * *

ಜಮಖಂಡಿ ಕೋರ್ಟಿನ ಗುಮಾಸ್ತಿಕೆಯಿಂದ ನಿವೃತ್ತನಾದ ವರ್ಷ ಚನಮಲ್ಲಪ್ಪನಿಗೆ ಬಡಗಿ ಕೆಲಸ ಕಲಿಯುವ ಹುಚ್ಚು ಹತ್ತಿತು. ಸಾವಳಗಿಯಲ್ಲಿ ಹೊಲ ನೋಡಿಕೊಂಡಿದ್ದ ತಮ್ಮನನ್ನು ಜೊತೆಗೆ ಕರೆದುಕೊಂಡು ಮಿರಜಿಗೆ ಹೋದ.

ಅಂಗಡಿಯವನು ಕಟ್ಟಿಗೆ ಕೊಯ್ಯುವ ಎರಡು ಮಷೀನು ಮುಂದಿಟ್ಟ. ಚನಮಲ್ಲಪ್ಪ ಭಾರದ ಮಷೀನನ್ನು ಎತ್ತಿ ನೋಡಿದ. ಅದರ ಮುಚ್ಚಳ ತಾನೇ ಇಳಿದು ಗರಗಸದ ಹಲ್ಲುಗಳನ್ನು ಮುಚ್ಚಿಕೊಂಡಿತು. ಇನ್ನೊಂದು ಸಣ್ಣ, ಅಗ್ಗದ ಮಷೀನಿನ ಮುಚ್ಚಳ ಅರ್ಧಕ್ಕೇ ಸಿಕ್ಕಿಕೊಂಡಿತು.

"ಭಾರದ್ದs ಛಲೋ ಐತಿ, ಯೋಗಿ. ಹೊಸದಾಗಿ ಕಲಿಯಾಂವ ನಾನು. ನನ್ನ ಕೈ ತಪ್ಪಿದ್ರ ಮಷೀನರ ಶ್ಯಾಣ್ಯಾ ಇರಬೇಕು."

"ಕಲಿಯಾಕ ಅಷ್ಟ ದೊಡ್ಡದ್ಯಾಕ ಬೇಕಣ್ಣಾ? ಅದs ರೊಕ್ಕದಾಗ ಸಣ್ಣದೂ ಬರತೈತಿ, ಜೋಡಿ ಒಂದು ಡ್ರಿಲ್ಲೂ ಬರತೈತಿ."

ಡ್ರಿಲ್ಲು ಬೇಕಾಗಿದ್ದದ್ದು ಶಿವಯೋಗೆಪ್ಪನಿಗೆ. ಟ್ರ್ಯಾಕ್ಟರಿನ ಟ್ರಾಲಿಗೆ ತೂತು ಹಾಕಿಸಲು ಊರೂರು ಅಲೆದು ಬೇಸತ್ತಿದ್ದ.

ಚನಮಲ್ಲಪ್ಪ ಭಾರದ ಮಷೀನನ್ನು ಇನ್ನೊಮ್ಮೆ ಸವರಿದ. "ಆತು ಬಿಡು. ನೀ ಹೇಳಿದಂಗ ಆಗ್ಲಿ."

ಡ್ರಿಲ್ಲು ಆ ವಾರವೇ ಸಾವಳಗಿಗೆ ಹೋಯಿತು, ಮರಳಲಿಲ್ಲ. ಮೊದಲ ಮಣೆ ಮುಗಿಸಿ ಎರಡನೆಯದಕ್ಕೆ ಹಲಗೆ ಕೊಯ್ಯುವಾಗ ಮುಚ್ಚಳ ಸಿಕ್ಕಿಕೊಂಡಿತು. ಚನಮಲ್ಲಪ್ಪ ಅದನ್ನು ಎಡಗೈಯಿಂದ ಸರಿಸಲು ಹೋದ.

* * *

ಶವ ಕೂಡಿಸಿದ ವಿಮಾನವನ್ನು ಹೆಗಲಿಗೆ ಎತ್ತುವ ಹೊತ್ತಿಗೆ ಗುರುಬಸವ್ವ ಮೈದುನನನ್ನು ಹತ್ತಿರ ಕರೆದಳು.

"ಹ್ವಾದ ವಾರನೂ ನಿನ್ನ ನೆನಸಿದ್ರಪಾ. ಆ ಡ್ರಿಲ್ಲರ ಯೋಗಿಗೆ ಉಪಯೋಗ ಬಂತಲ್ಲ, ಅಷ್ಟ ಸಾಕು ಅಂದ್ರು."

ಡ್ರಿಲ್ಲಿನ ಆಸೆಗೇ ತಾನು ಅಗ್ಗದ ಮಷೀನು ಕೊಳ್ಳಿಸಿದ್ದು ಅಣ್ಣನಿಗೆ ಗೊತ್ತಿತ್ತು! ಒಂದು ದಿನವಾದರೂ ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು ಎನಿಸಿ ಶಿವಯೋಗೆಪ್ಪನಿಗೆ ದುಃಖ ಉಕ್ಕಿತು.

ರುದ್ರಭೂಮಿಯಲ್ಲಿ ಅವನೇ ಗುಣಿಗೆ ಇಳಿದ. ಅಣ್ಣನನ್ನು ಕೂಡಿಸಿ ಬೆನ್ನು ಆನಿಸಿದ. ಮೇಲೆ ನಿಂತ ಅಯ್ಯನವರು ಹೇಳಿದಂತೆ ಇಷ್ಟಲಿಂಗವನ್ನು ಅಣ್ಣನ ಎಡ ಅಂಗೈಯಲ್ಲಿಟ್ಟ. ಅದು ಬೆರಳಿಲ್ಲದ ಕಡೆಗೆ ಉರುಳಿ ತೊಡೆಯ ಮೇಲೆ ಬಿತ್ತು. ಮತ್ತೆ ಇಟ್ಟ, ಮತ್ತೆ ಉರುಳಿತು.

ಮೂರನೇ ಸಲ ಅವನು ತನ್ನ ಎರಡು ಬೆರಳನ್ನು ಆ ಖಾಲಿ ಜಾಗಕ್ಕೆ ಹೊಂದಿಸಿದ. ಲಿಂಗ ನಿಂತಿತು.

"ಆತು, ಕೈ ತಗೀರಿ ಯೋಗೆಪ್ಪಾ. ಮ್ಯಾಲ ಬರ್ರಿ," ಎಂದರು ಅಯ್ಯನವರು.

ಶಿವಯೋಗೆಪ್ಪ ಕೈ ತೆಗೆಯಲಿಲ್ಲ. ಮೇಲಿನಿಂದ ಬಿಲ್ವಪತ್ರೆ, ವಿಭೂತಿ ಬೀಳತೊಡಗಿದವು. ಅಣ್ಣನ ಮೂರು ಬೆರಳು, ತಮ್ಮನ ಎರಡು ಬೆರಳು ಒಟ್ಟಿಗೇ ಬೆಳ್ಳಗಾದವು.