ಚದರಡಿಗೆ ಎಂಬತ್ತೈದು

ಕೇಕಿನಮ್ಮನ ಗಂಡ ತಾನು ಬಲು ಲೆಕ್ಕಾಚಾರದ ಮನುಷ್ಯ ಎಂದು ಬೀದಿಗೆಲ್ಲ ಹೇಳಿಕೊಂಡಿದ್ದ. ನಾಲ್ಕು ಮೊಳೆ ಕೊಳ್ಳಲು ನಾಲ್ಕು ಅಂಗಡಿ ಸುತ್ತಿ, ಮೊಳೆಯಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಚಪ್ಪಲಿಯಲ್ಲಿ ಸವೆಸುವವನು. ಮನೆ ನಡೆಯುತ್ತಿದ್ದುದು ಮಾತ್ರ ಹೆಂಡತಿ ಹಿಂದಿನ ಶೆಡ್ಡಿನಲ್ಲಿ ಬೇಯಿಸುವ ಬ್ರೆಡ್ಡು, ಕೇಕಿನಿಂದ.

ಗೇಟಿನಿಂದ ಶೆಡ್ಡಿನವರೆಗೆ ಬರೀ ಕೆಸರು. ಹೋದ ತಿಂಗಳು ಬ್ರೆಡ್ಡು ತುಂಬಿದ ವ್ಯಾನು ಅಲ್ಲೇ ಹೂತುಕೊಂಡು, ಅದನ್ನೇ ಕಾಯುತ್ತಿದ್ದ ಹಾಸ್ಟೆಲಿನ ಹುಡುಗಿಯರು ಹಸಿದ ಹೊಟ್ಟೆಯಲ್ಲಿ ಪರೀಕ್ಷೆಗೆ ಹೋಗಿದ್ದರು. "ಒಂದನೇ ತಾರೀಖಿನಿಂದ ಬೆಳಗ್ಗೆ ಆರಕ್ಕೆ ಬ್ರೆಡ್ ಬರಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಮ್ಮ" ಎಂದಿದ್ದಳು ವಾರ್ಡನ್. ಕೇಕಿನಮ್ಮ ಕೂಡಿಟ್ಟಿದ್ದನ್ನೆಲ್ಲ ತೆಗೆದು ಅಂಗಳಕ್ಕೆ ಕಾಂಕ್ರೀಟು ಹಾಕಿಸಲು ಹೊರಟಳು. ರೇಟು ಮಾತಾಡುವ ಕೆಲಸಕ್ಕೆ ಗಂಡ ಮೂಗು ತೂರಿಸಿದ.

ಮೊದಲು ಬಂದ ಮೇಸ್ತ್ರಿ ವ್ಯಾನಿನ ಚಕ್ರ ನೋಡಿದ, ಕೆಸರಿಗೆ ಕಬ್ಬಿಣದ ಸರಳು ಚುಚ್ಚಿದ, ಆಮೇಲೆ ಬಾಯಿ ಬಿಟ್ಟ. "ಚದರಡಿಗೆ ನೂರ ಐವತ್ತು. ಮಣ್ಣು ತೆಗೆಯೋದು, ಜಲ್ಲಿ ಹಾಕಿ ಕುಟ್ಟೋದು, ಕಬ್ಬಿಣದ ಜಾಲರಿ, ಐದಿಂಚು ಕಾಂಕ್ರೀಟು, ಒಂದು ವಾರ ನೀರು ಹಿಡಿಯೋದು."

"ನೀರು ನಮ್ಮದೇ, ಅದಕ್ಕೂ ದುಡ್ಡಾ?"

"ನೀರು ನಿಮ್ಮದೇ ಸಾರ್. ಪೈಪ್ ಹಿಡಿಯೋ ಕೈ ನಿಮ್ಮದಲ್ಲವಲ್ಲ."

ಎರಡನೆಯವನಿಗೆ ಕೆಲಸದವರು ಇಟ್ಟಿದ್ದ ಹೆಸರು 'ಆಯ್ತುಸ್ವಾಮಿ'. ಅಳತೆಪಟ್ಟಿಯನ್ನೂ ತಂದಿರಲಿಲ್ಲ, ಹೆಜ್ಜೆಯಲ್ಲೇ ನಾನೂರು ಚದರಡಿ ಅಳೆದ.

"ಎಂಬತ್ತೈದಕ್ಕೆ ಮಾಡ್ತೀಯಾ?"

"ಆಯ್ತು ಸ್ವಾಮಿ."

"ಐದಿಂಚು ಇರಬೇಕು."

"ಆಯ್ತು ಸ್ವಾಮಿ." ಐವತ್ತಿಂಚು ಕೇಳಿದ್ದರೂ ಅದನ್ನೇ ಹೇಳುತ್ತಿದ್ದ.

"ಸಿಮೆಂಟು ಅದೇ, ಜಲ್ಲಿ ಅದೇ. ಇಪ್ಪತ್ತಾರು ಸಾವಿರ ಉಳಿಸಿದೆ ನೋಡೇ!" ಎಂದು ಗಂಡ ಮೀಸೆ ತಿರುವಿದ. ಹೆಂಡತಿ ಹಿಟ್ಟು ನಾದುತ್ತಲೇ ಇದ್ದಳು. ಅರ್ಧ ಹಣ ಮುಂಗಡವಾಗಿ ಹೋಯಿತು.

ಕಾಂಕ್ರೀಟು ಸುರಿಯುವ ದಿನ ಈ ಮಹಾಶಯ ಕುರ್ಚಿ ಹಾಕಿಕೊಂಡು ಕೂತ. ಕಲಸಿದ್ದು ಗಟ್ಟಿ ಕಂಡಾಗ, "ಇನ್ನೊಂದೆರಡು ಬಕೆಟ್ ನೀರು ಹಾಕ್ರೋ, ಸಲೀಸಾಗಿ ಹರಡುತ್ತೆ!" ಎಂದು ತಾನೇ ಹೇಳಿಕೊಟ್ಟ. ಅಂಚಿನ ಹಲಗೆಯ ಪಕ್ಕ ಟೇಪು ಇಟ್ಟು ಅಳೆದ. ಸರಿಯಾಗಿ ಐದಿಂಚು! ಹೆಂಡತಿಯನ್ನು ಕೂಗಿ ಕರೆದ.

ಕೇಕು ಬೆಂದಿದೆಯೇ ಎಂದು ಚುಚ್ಚಿ ನೋಡುವ ಕಡ್ಡಿ ಆಕೆಯ ಕೈಯಲ್ಲೇ ಇತ್ತು. ಅಂಚಿನತ್ತ ಕಣ್ಣೂ ಹಾಯಿಸಲಿಲ್ಲ. ಕೆಲಸದವರು ನಡೆದಾಡಲು ಹಾಕಿದ್ದ ಹಲಗೆಯ ಮೇಲೆ ನಡುಭಾಗಕ್ಕೆ ಹೋಗಿ, ಬಗ್ಗಿ, ಕಡ್ಡಿ ಇಳಿಸಿದಳು. ಎರಡಿಂಚಿಗೆ ಮಣ್ಣು ತಾಗಿತು. ಇನ್ನೂ ಮೂರು ಕಡೆ ಚುಚ್ಚಿದಳು. ಎಲ್ಲೆಡೆ ಎರಡೇ. ಅಂಚಿನಲ್ಲಿ ಮಾತ್ರ ಅಗೆದು, ನಡುವೆ ಮಣ್ಣನ್ನು ಗುಡ್ಡೆಯಾಗಿ ಹಾಗೇ ಬಿಟ್ಟಿದ್ದರು. ಜಾಲರಿಯ ಸುಳಿವೇ ಇಲ್ಲ.

"ಏನಪ್ಪಾ ಇದು? ಕೇಕಿನ ಮೇಲೆ ಕ್ರೀಮು ಸವರಿದ ಹಾಗಿದೆ. ನನ್ನ ವ್ಯಾನು ಹತ್ತಿದರೆ ಹಪ್ಪಳ."

"ಅಮ್ಮಾ, ಈ ರೇಟಿಗೆ..." ಎಂದ ಆಯ್ತುಸ್ವಾಮಿ.

"ಈ ರೇಟಿಗೆ ಇಷ್ಟೇ ಅಂತ ಅವತ್ತೇ ಬೊಗಳಬೇಕಿತ್ತು. ಸಾಮಾನು ಎತ್ತು."

"ಮುಂಗಡ ಕೊಟ್ಟಾಗಿದೆಯಲ್ಲೇ!" ಗಂಡನ ಧ್ವನಿ ಕೀರಲಾಯಿತು.

"ಅದು ನಿಮ್ಮ ಬುದ್ಧಿವಂತಿಕೆಯ ಫೀಸು ಅಂದ್ಕೊಳ್ಳಿ."

ಆಕೆ ಫೋನು ಮಾಡಿದ ಅರ್ಧ ಗಂಟೆಯಲ್ಲಿ ಮೊದಲಿನ ಮೇಸ್ತ್ರಿ ಬಂದ. ನಗಲಿಲ್ಲ, ಅದು ಅವನ ದೊಡ್ಡತನ. "ಹಸಿ ಇದ್ದಾಗಲೇ ಕರೆದ್ರಿ, ಬಚಾವು. ನಾಳೆ ಆಗಿದ್ರೆ ಒಡೆಯೋ ಯಂತ್ರದ ಬಾಡಿಗೆ ಬೀಳ್ತಿತ್ತು. ಈಗ ಇದನ್ನ ಎತ್ತಿ ಹಾಕೋ ಕೂಲಿ ಅಷ್ಟೇ ಹೆಚ್ಚು."

"ವ್ಯಾನು ಯಾವಾಗ ಹತ್ತಿಸಬಹುದಣ್ಣ?"

"ನಾಡಿದ್ದು ಸುರಿದರೆ, ಅಲ್ಲಿಂದ ಹದಿನಾಲ್ಕು ದಿನ. ಒಂದು ದಿನ ಮೊದಲೂ ಬೇಡ."

ಆಕೆ ಬೆರಳು ಮಡಚಿದಳು. ಒಂದನೇ ತಾರೀಖಿಗೆ ಹದಿನೆಂಟು ದಿನ ಇತ್ತು. "ಆಗಲಿ, ನಿಮ್ಮ ರೇಟಿಗೇ. ಎತ್ತಿ ಹಾಕೋದಕ್ಕೆ ಆಳು ಬೇಡ."

ಗೋಡೆಗೆ ಒರಗಿಸಿದ್ದ ಸಲಿಕೆ ತಂದು ಕುರ್ಚಿಯ ಮುಂದೆ ನಿಲ್ಲಿಸಿದಳು. "ಏಳಿ. ಉಳಿತಾಯ ಅಂದ್ರೆ ನಿಮಗೆ ಪ್ರಾಣ ತಾನೇ?"

ಅವನು ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಅಂಗಳದ ನಡುಭಾಗ ತೋರಿಸಿದ. "ಅಲ್ಲಿಂದ ಶುರು ಮಾಡಿ ಸಾರ್. ಬೇಗ, ನೀರು ಜಾಸ್ತಿಯಾಗಿದ್ದಕ್ಕೆ ಇನ್ನೂ ಗಟ್ಟಿಯಾಗಿಲ್ಲ."