ಪಕ್ಕದ ಮಿಷನ್ನಿನ ಪೆಡಲು

"ಗಂಟೆಗೊಂದ್ಸಲ ಉಚ್ಚೆ ಹುಯ್ಯೋಕೆ ಕಂಪನಿ ಸಂಬಳ ಕೊಡ್ತದೇನೇ? ಬಸುರಿ ಅಂತೆ ಬಸುರಿ! ನಾನ್ ಮಾಡಿದ್ನಾ ನಿನ್ನ ಬಸುರಿ?"

ಗಾರ್ಮೆಂಟ್ಸ್ ಶೆಡ್ಡಿನಲ್ಲಿ ಸೂಪರ್‌ವೈಸರ್ ಕಿರುಚಿದ್ದು ಅಂಗಿಗೆ ತೋಳು ಹೊಲಿಯುವ ಹುಡುಗಿಯ ಮೇಲೆ. ಏಳು ತಿಂಗಳ ಹೊಟ್ಟೆ ಹಿಡಿದುಕೊಂಡು ಅವಳು ತಲೆ ತಗ್ಗಿಸಿ ನಿಂತಿದ್ದಳು.

"ಅವಳಿಗ್ಯಾಕೆ ಬಯ್ತೀರಾ ಸಾರ್? ಪೆಡಲು ತುಳಿದೋಳು ನಾನು," ಎಂದಳು ಪಕ್ಕದ ಮಿಷನ್ನಿನ ಕಾಲರಕ್ಕ. ಹತ್ತೊಂಬತ್ತು ವರ್ಷ ಅಂಗಿಗಳಿಗೆ ಕಾಲರು ಹೊಲಿದೂ ಹೊಲಿದೂ ಅವಳ ಸ್ವಂತ ಹೆಸರು ಯಾರ ನೆನಪಿನಲ್ಲೂ ಉಳಿದಿರಲಿಲ್ಲ.

"ಹಾಗೋ? ನಡಿ, ನಿಮ್ಮ ಯೂನಿಯನ್ ಲೀಡರೇ ಕರೀತಾವ್ನೆ."

ಆದದ್ದು ಇಷ್ಟೇ. ಒಬ್ಬಳು ಎದ್ದು ಹೋದರೆ ಪಕ್ಕದವಳು ಅವಳ ನಾಲ್ಕು ತುಂಡು ಹೊಲಿದುಕೊಡುವುದು ಈ ಲೈನಿನ ಹಳೇ ರೂಢಿ. ಹೋದ ತಿಂಗಳು ಪ್ರತಿ ಮಿಷನ್ನಿಗೂ ಒಂದು ಕಂಪ್ಯೂಟರ್ ಪರದೆ ಬಂತು. ಸೂಜಿ ಮೂರು ನಿಮಿಷ ನಿಂತರೆ ಆಫೀಸಿಗೆ ಗೊತ್ತಾಗುತ್ತದೆ. ಎರಡು ಕಡೆ ಹೊಲಿಯಲು ಕಾಲರಕ್ಕನಿಗೆ ಇದ್ದದ್ದು ಎರಡೇ ಕೈ. ಅದಕ್ಕೇ ಹುಡುಗಿ ಎದ್ದು ಹೋದಾಗ ಎಡಗಾಲು ಚಾಚಿ ಅವಳ ಪೆಡಲನ್ನೂ ತುಳಿಯುತ್ತಾ ಕೂತಳು. ಬಟ್ಟೆಯಿಲ್ಲದೆ ಸೂಜಿ ಕುಣಿಯಿತು. ಪರದೆ ನಂಬಿತು. ತಲೆಯ ಮೇಲಿನ ಕ್ಯಾಮೆರಾ ನಂಬಲಿಲ್ಲ.

ಯೂನಿಯನ್ ಕೋಣೆಯಲ್ಲಿ ಲೀಡರಣ್ಣ ಫ್ಯಾನಿನ ಕೆಳಗೆ ಕೂತಿದ್ದ. ಯೂನಿಯನ್ನಿನಲ್ಲಿ ಇನ್ನೂರು ಹೆಂಗಸರು, ಕಮಿಟಿಯ ಏಳು ಜನವೂ ಗಂಡಸರು.

"ಬಾ ತಾಯಿ, ನಿನ್ನ ಉಳಿಸಿದೀನಿ. ಇದಕ್ಕೊಂದು ಸಹಿ ಹಾಕು."

"ಏನಿದೆ ಇದ್ರಲ್ಲಿ?"

"ಹುಡುಗೀನೇ ಬೇಡ್ಕೊಂಡು ಪೆಡಲು ತುಳಿಸಿದ್ಲು ಅಂತ. ಮೋಸ ಅಂತ ಅವಳನ್ನ ತೆಗೀತಾರೆ. ಹೆರಿಗೆ ರಜೆ ಕೊಡೋ ತಲೆನೋವೂ ತಪ್ತು ಅವರಿಗೆ."

"ಅವಳು ಬಾಯೇ ಬಿಟ್ಟಿಲ್ಲ. ನಾನಾಗೇ ತುಳಿದದ್ದು."

"ನಿಂಗ್ಯಾಕೆ ಊರ ಉಸಾಬರಿ? ಬಾಯ್ಮುಚ್ಕೊಂಡು ಹಾಕು. ಇಲ್ಲಾಂದ್ರೆ ಇಬ್ರೂ ಬೀದಿಗೆ."

"ಆ ಪರದೆ ಹಾಕೋಕೆ ಒಪ್ಪಿದ್ಯಲ್ಲ, ಆಗ ನಮ್ಮನ್ನೊಂದು ಮಾತು ಕೇಳಿದ್ಯೇನಣ್ಣಾ?"

"ಹೊಲಿಯೋರ್ನೆಲ್ಲ ಕೇಳ್ಕೊಂಡು ಕೂತ್ರೆ ಯೂನಿಯನ್ ನಡೆದ ಹಾಗೇ!"

ಕಾಲರಕ್ಕ ಕಾಗದ ಎತ್ತಿಕೊಂಡು ಹೊರಟಳು.

"ಎಲ್ಲಿಗೇ?"

"ಓದ್ಬೇಕಲ್ಲ."

ಲೈನಿನ ನಡುವೆ ನಿಂತು ಅವಳು ಗಟ್ಟಿಯಾಗಿ ಓದತೊಡಗಿದಳು. ಮೂರನೇ ಕ್ಲಾಸಿನ ಓದು, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು. ಮಿಷನ್ನುಗಳ ಗದ್ದಲದಲ್ಲಿ ಒಂದೂ ಕೇಳಿಸದು. ಗುಂಡಿ ಹಚ್ಚುವ ಮುದುಕಿ ಕಿವಿಗೆ ಅಂಗೈ ಆನಿಸಿಕೊಂಡು ತನ್ನ ಮಿಷನ್ ನಿಲ್ಲಿಸಿದಳು. ಅವಳ ಹಿಂದಿನವಳು ನಿಲ್ಲಿಸಿದಳು. ಆಮೇಲೆ ಸಾಲಿಗೆ ಸಾಲೇ.

"ಹೊಲೀರೇ ಮುಂಡೇರಾ!" ಸೂಪರ್‌ವೈಸರ್ ಓಡಿಬಂದ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ಬೈಗುಳ ಶೆಡ್ಡಿನ ಆಚೆ ತುದಿಯ ಗೋಡೆಯವರೆಗೂ ಕೇಳಿಸಿತು.

ಕೊನೆಯ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು.

"ಇವನ ಬೊಗಳಾಟದಲ್ಲಿ ಕೇಳಿಸ್ಲಿಲ್ಲ ಕಣಕ್ಕಾ. ಮೊದ್ಲಿಂದ ಓದು."

ಕಾಲರಕ್ಕ ಬೆರಳನ್ನು ಮತ್ತೆ ಮೊದಲ ಸಾಲಿಗೆ ತಂದಳು.