ಐದನೇ ಕೋಣೆಗೆ ಎರಡು ಸಹಿ

೧

ಮನೆಗೆ ಬೆಲೆ ಕಟ್ಟುವ ವ್ಯಾಲ್ಯುಯೇಷನ್ ವರದಿಯನ್ನು ಹೇಗೆ ಶುರುಮಾಡಬೇಕೆಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೊದಲು ವಿಳಾಸ, ಆಮೇಲೆ ನೋಡಿದ ದಿನ, ಆಮೇಲೆ ನೋಡಿದವರ ಹೆಸರು. ಕತೆಗೆ ಈ ಸೌಕರ್ಯವಿಲ್ಲ. ಹಾಗಾಗಿ ಕದಿಯುತ್ತೇನೆ.

ವಿಳಾಸ: ದಿ ಪಾಂಡ್ಸ್, ಸಿಡ್ನಿ. ಐದು ಕೋಣೆಯ, ಎರಡಂತಸ್ತಿನ ಮನೆ.
ನೋಡಿದ ದಿನ: ಮಂಗಳವಾರ, ಬೆಳಿಗ್ಗೆ ಹತ್ತೂವರೆ.
ನೋಡಿದವರು: ಸಂಯುಕ್ತಾ, ಪ್ರೊವಿಷನಲ್ ವ್ಯಾಲ್ಯುಯರ್, ಇಂದ್ರೇಶ್, ಸರ್ಟಿಫೈಡ್ ವ್ಯಾಲ್ಯುಯರ್.

(ಮೂರನೇ ಸಾಲಿನಲ್ಲೇ ಒಂದು ಸುಳ್ಳಿದೆ. ಅದನ್ನು ಕೊನೆಯವರೆಗೆ ಬಚ್ಚಿಡುವುದು ಒಳ್ಳೆಯ ಕತೆಗಾರರ ಲಕ್ಷಣವಂತೆ. ನಾನು ನಾಳೆ ಆರಕ್ಕೆ ಎದ್ದು ಎರಡು ಲಂಚ್ ಬಾಕ್ಸ್ ಕಟ್ಟಬೇಕು. ಈಗಲೇ ಹೇಳಿಬಿಡುತ್ತೇನೆ: ಇಂದ್ರೇಶ್ ಮನೆಯೊಳಗೆ ಹೋಗಲಿಲ್ಲ.)

೨

ನಿಯಮ ಹೇಳದೆ ವಿಧಿಯಿಲ್ಲ. ಕೆಲವೇ ಸಾಲು, ಸಹಿಸಿಕೊಳ್ಳಿ.

ಸಂಯುಕ್ತಾ ಕೆಲಸ ಮಾಡುವ, ಸಿಡ್ನಿಯ ನಾರ್ವೆಸ್ಟಿನ ಕಂಪನಿಯಲ್ಲಿ ಪ್ರೊವಿಷನಲ್ ಎಂದರೆ ಅರ್ಧ ವ್ಯಾಲ್ಯುಯರ್. ಮನೆ ಅಳೆಯಬಹುದು, ಫೋಟೋ ತೆಗೆಯಬಹುದು, ಬೆಲೆ ಇಷ್ಟೆಂದು ಬರೆಯಬಹುದು. ಆದರೆ ಅವಳ ಸಹಿಯ ಕೆಳಗೆ ಸರ್ಟಿಫೈಡ್ ಆದವರೊಬ್ಬರ ಸಹಿ ಬೀಳುವ ತನಕ ಅದು ವರದಿಯಲ್ಲ, ಬರೀ ಅಭಿಪ್ರಾಯ. ಆ ಎರಡನೆಯವರು ಜೊತೆಗೆ ಹೋಗಬೇಕು, ಪ್ರತಿ ಕೋಣೆಯಲ್ಲೂ ಕಾಲಿಡಬೇಕು. ಹೀಗೆ ಎರಡು ವರ್ಷ ನೋಡಿದ ಮನೆಗಳನ್ನೆಲ್ಲ ಲಾಗ್‌ಬುಕ್ಕಿನಲ್ಲಿ ಬರೆದು, ಒಂದೊಂದಕ್ಕೂ ಸೂಪರ್‌ವೈಸರ್ ಸಹಿ ಹಾಕಿಸಿ, ಸಂದರ್ಶನ ಮುಗಿಸಿದರೆ ಅವಳೂ ಸರ್ಟಿಫೈಡ್. ಆಮೇಲೆ ಅವಳ ಒಂದೇ ಸಹಿ ಸಾಕು.

ದಿ ಪಾಂಡ್ಸ್‌ನ ಈ ಮನೆ ಅವಳ ಲಾಗ್‌ಬುಕ್ಕಿನ ಕೊನೆಯ ಸಾಲು.

ಇದೆಲ್ಲ ನನಗೆ ಹೇಗೆ ಗೊತ್ತು ಎನ್ನುತ್ತೀರಾ? ನಾನಿರುವುದು ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ. ಹಗಲು ಸಾಲ ಕೊಡುವ ಆಫೀಸಿನಲ್ಲಿ ಕೂತು ಇಂಥ ವರದಿಗಳನ್ನು ಓದುತ್ತೇನೆ. ಒಂದು ವರದಿಯಲ್ಲಿ ಪೂಜಾ ಕೋಣೆಯ ಫೋಟೋ ಇತ್ತು. ಉಳಿದ ಕೋಣೆಗಳ ಫೋಟೋ ಒಳಗಿನ ಮೂಲೆಯಲ್ಲಿ ನಿಂತು ತೆಗೆದದ್ದು; ಇದೊಂದು ಮಾತ್ರ ಹೊಸ್ತಿಲಿನ ಆಚೆಯಿಂದ. ಬಾಗಿಲ ಚೌಕಟ್ಟು, ಪ್ಲಾಸ್ಟಿಕ್ ಮಾವಿನೆಲೆಯ ತೋರಣ ಅಂಚಿನಲ್ಲಿ ಬಂದಿದ್ದವು. ತೆಗೆದವಳು ನಮ್ಮವಳು, ಅವತ್ತು ಅವಳಿಗೆ ಮುಟ್ಟಿನ ಮೂರನೇ ದಿನ ಎಂದು ನೋಡಿದ ತಕ್ಷಣ ಅನ್ನಿಸಿತು. ಅಷ್ಟೇ ನನ್ನ ಬಂಡವಾಳ. ಉಳಿದದ್ದೆಲ್ಲ ಕಟ್ಟಿದ್ದು.

೩ (ಬಿಟ್ಟ ಡ್ರಾಫ್ಟು)

ಮೊದಲ ಡ್ರಾಫ್ಟಿನಲ್ಲಿ ಇಂದ್ರೇಶನನ್ನು ಕೆಟ್ಟವನನ್ನಾಗಿ ಮಾಡಿದ್ದೆ. ದುಬಾರಿ ಕನ್ನಡಕ, ವಕ್ರ ನಗು. ಎರಡು ಪುಟದಲ್ಲಿ ಅವನೂ ಸತ್ತ, ಕತೆಯೂ ಸತ್ತಿತು.

ಈಗಿನ ಇಂದ್ರೇಶನಿಗೆ ನಲವತ್ತೇಳು. ಕೈಕೆಳಗೆ ನಾಲ್ವರು ಪ್ರೊವಿಷನಲ್‌ಗಳು. ಸಂಯುಕ್ತಾಳಿಗೆ ಛಾವಣಿಯ ಬಿರುಕು ಓದಲು, ಏಜೆಂಟರ ಸಿಹಿಮಾತನ್ನು ಸೋಸಲು ಕಲಿಸಿದವನು ಅವನೇ. ಮಂಗಳವಾರ ಆ ಮನೆಯ ಮುಂದೆ ಕಾರು ನಿಲ್ಲಿಸಿ, ಸೀಟ್ ಬೆಲ್ಟ್ ಬಿಚ್ಚದೆ ಹೇಳಿದ:

"ನೀನು ಹೋಗ್ ಬಾ. ನಾನಿಲ್ಲಿ ಎರಡು ಕಾಲ್ ಮುಗಿಸ್ತೀನಿ."

"ಸರ್, ಜಾಯಿಂಟ್ ಇನ್‌ಸ್ಪೆಕ್ಷನ್ ಇದು."

"ನಮ್ಮವರ ಮನೆ ಸಂಯುಕ್ತಾ. ನಾನೂ ಬಂದ್ರೆ ಶೂ ಬಿಚ್ಚಬೇಕು, ಚಾ ಕುಡೀಬೇಕು, ಊರು ಯಾವುದು, ಮಕ್ಳೆಷ್ಟು, ಎಲ್ಲಾ ಹೇಳ್ಬೇಕು. ನಲವತ್ತು ನಿಮಿಷ ಹೋಯ್ತು. ನೀನು ನನಗಿಂತ ಚೆನ್ನಾಗಿ ನೋಡ್ತೀಯಾ ಬಿಡು."

ಆ ಕೊನೆಯ ಮಾತು ಹೊಗಳಿಕೆ ಎಂದುಕೊಂಡು ಅವಳು ಇಳಿದಳು. ಕಳೆದ ಆರು ತಿಂಗಳಲ್ಲಿ ಹೀಗೆ ಹೊಗಳಿಸಿಕೊಂಡು ಎಷ್ಟೋ ಮನೆಗಳ ಮುಂದೆ ಇಳಿದಿದ್ದಳು.

೪

ಮನೆ ವಿರೂಪಾಕ್ಷ ಎಂಬವನದು; ಹಳೇ ಸಾಲವನ್ನು ಹೊಸ ಬ್ಯಾಂಕಿಗೆ ಬದಲಿಸಲು ರಿಫೈನಾನ್ಸಿಗೆ ಹಾಕಿದ್ದ. ಅವತ್ತು ಅವನು ಆಫೀಸಿನಲ್ಲಿ. ಮುಂಬಾಗಿಲಿಗೆ ಬೀಗವಿರಲಿಲ್ಲ, ತೆಗೆದುಕೊಂಡು ಒಳಗೆ ಬನ್ನಿ ಎಂದು ಮೊದಲೇ ಮೆಸೇಜ್ ಮಾಡಿದ್ದ. ಹುಬ್ಬಳ್ಳಿಯಿಂದ ಬಂದ ತಾಯಿ ರತ್ನವ್ವ ಕೆಳಗಿನ ಐದನೇ ಕೋಣೆಯಲ್ಲಿ ಪೂಜೆಗೆ ಕೂತಿದ್ದರು. ಅಂಗೈ ಮೇಲೆ ಲಿಂಗ, ಮುಚ್ಚಿದ ಕಣ್ಣು.

ಸಂಯುಕ್ತಾ ನಾಲ್ಕು ಕೋಣೆ ನೋಡಿದಳು. ಅಳೆದಳು. ಐದನೆಯದರ ಹೊಸ್ತಿಲಲ್ಲಿ ನಿಂತಳು.

ಯಾರೂ ತಡೆಯಲಿಲ್ಲ. ಬೋರ್ಡು ಇರಲಿಲ್ಲ, ಪರದೆ ಇರಲಿಲ್ಲ. ಮೈಸೂರಿನ ಅವಳ ಮನೆಯಲ್ಲಿ ಆ ಮೂರು ದಿನ ದೇವರ ಮನೆಯ ಕಡೆ ತಿರುಗಿ ನೋಡದೆ ಅಡುಗೆಮನೆಯ ಹಿಂಬಾಗಿಲಿನಿಂದ ಓಡಾಡಿ ಬೆಳೆದ ಕಾಲು, ಅಷ್ಟೇ. ಯೂನಿವರ್ಸಿಟಿ ಓದಿದೆ, ಈ ದೇಶದಲ್ಲಿ ಕಾಯಂ ಇರಲು ಪಿಆರ್ ಸಿಕ್ಕಿದೆ, ಅಳತೆಯ ಲೇಸರ್ ಹಿಡಿದು ಊರವರ ಗ್ಯಾರೇಜು ಅಳೆದಿದೆ. ಕಾಲು ಮಾತ್ರ ನಿಂತಿತು. ಕೈ ಚಾಚಿ ಒಂದು ಫೋಟೋ ತೆಗೆದಳು. ಎಡಗಡೆಯ ಮೂಲೆ ಬಾಗಿಲ ಮರೆಯಲ್ಲಿ ಉಳಿಯಿತು. ಟ್ಯಾಬ್ಲೆಟ್ಟಿನಲ್ಲಿ 'ಎಲ್ಲ ಕೋಣೆಗಳನ್ನೂ ಪ್ರವೇಶಿಸಿ ನೋಡಲಾಗಿದೆ' ಎಂಬುದರ ಎದುರು ಟಿಕ್.

ಹೊರಡುವಾಗ, ಒಂದು ಕಾಲಿಗೆ ಶೂ ಹಾಕಿದ್ದಳು, ರತ್ನವ್ವ ಎದ್ದು ಬಂದರು.

"ಚಾ ಕುಡದ ಹೋಗವಾ. ಎಲ್ಲಾ ನೋಡಿದ್ಯೇನ? ಆ ಪೂಜಿ ಖೋಲಿ ಮೂಲ್ಯಾಗ ಮಳಿ ಬಂದ್ರ ಗ್ವಾಡಿ ಹಸಿ ಆಗತೈತಿ ನೋಡು. ನಮ್ಮ ವಿರೂಪಾಕ್ಷಗ ಹೇಳಿ ಹೇಳಿ ಸಾಕಾತು."

"ನೋಡಿದೆ ಅಜ್ಜಿ," ಎಂದಳು ಸಂಯುಕ್ತಾ, ಇನ್ನೊಂದು ಶೂ ಹಾಕುತ್ತ.

ಕಾರಿನಲ್ಲಿ ಇಂದ್ರೇಶ್ ಕೇಳಿದ: "ಏನಾದ್ರೂ ಇದೆಯಾ?" ಅವಳು ಇಲ್ಲವೆಂದಳು. ಅವನು ಟ್ಯಾಬ್ಲೆಟ್ ತೆಗೆದುಕೊಂಡು ಬೆರಳಿನಲ್ಲಿ ಸಹಿ ಎಳೆದ. ವರದಿ ಬ್ಯಾಂಕಿಗೆ ಹೋಗಬೇಕಾದದ್ದು ಶುಕ್ರವಾರ ಸಂಜೆ ಐದಕ್ಕೆ.

೪ಕ್ಕೆ ಸೇರಿಸಿದ್ದು

ಇಲ್ಲಿಗೆ ಬಂದು ಕತೆ ಹದಿನೈದು ದಿನ ನಿಂತಿತು. ಕಾರಣ ಸಾಹಿತ್ಯಿಕವಲ್ಲ. ಮಗಳು ಚಿನ್ಮಯಿಗೆ ಹದಿನೇಳು, ಕಾರು ಕಲಿಯುತ್ತಿದ್ದಾಳೆ. ಎಲ್ ಬೋರ್ಡು ಹಚ್ಚಿಕೊಂಡು ನೂರಿಪ್ಪತ್ತು ಗಂಟೆ ಓಡಿಸಬೇಕು, ಪಕ್ಕದ ಸೀಟಿನಲ್ಲಿ ಪೂರ್ತಿ ಲೈಸೆನ್ಸ್ ಇರುವವರು ಕೂರಬೇಕು. ಪೂರ್ತಿ ಲೈಸೆನ್ಸ್ ಇರುವವಳು ನಾನು. ಅವಳ ಲಾಗ್‌ಬುಕ್ಕಿಗೆ ಸಹಿ ಹಾಕುವವಳೂ ನಾನೇ.

ಕಳೆದ ಭಾನುವಾರ ಡ್ಯಾಂಡಿನಾಂಗ್ ಕಡೆಗೆ ಒಂದು ಗಂಟೆ ಓಡಿಸಿದಳು. ಮನೆಗೆ ಬಂದು ಸಹಿ ಹಾಕಿದೆ.

"ಅಮ್ಮಾ," ಎಂದಳು, "ಯೂ ವರ್ ಸ್ನೋರಿಂಗ್."

"ಇಲ್ಲ ಕಣೇ, ಕಣ್ಣು ಮುಚ್ಚಿದ್ದೆ ಅಷ್ಟೇ."

"ಹಾಫ್ ದ ವೇ, ಅಮ್ಮಾ. ಇಟ್ಸ್ ಫೈನ್. ಐ ವಾಸ್ ಗುಡ್."

ಚೆನ್ನಾಗಿಯೇ ಓಡಿಸಿರಬೇಕು. ಇಬ್ಬರೂ ಮನೆ ಸೇರಿದ್ದೇವಲ್ಲ.

(ಇಂದ್ರೇಶನನ್ನು ಕೆಟ್ಟವನನ್ನಾಗಿ ಮಾಡಿದ ಆ ಎರಡು ಪುಟವನ್ನು ನಿಜವಾಗಿ ಹರಿದು ಹಾಕಿದ್ದು ಈ ಮಾತಿನ ನಂತರ.)

೫

ಇಲ್ಲಿ ಸಂಯುಕ್ತಾ ನನ್ನ ಜೊತೆ ಜಗಳಕ್ಕೆ ಬಂದಳು. ಪಾತ್ರಗಳು ಹಾಗೆಲ್ಲ ಬರುವುದಿಲ್ಲ ಎನ್ನುವವರು ದಯವಿಟ್ಟು ೬ಕ್ಕೆ ಹೋಗಿ.

"ಆಂಟಿ, ನನ್ನನ್ನ ಎಷ್ಟು ದಿನ ಬುಧವಾರದಲ್ಲೇ ಕೂರಿಸಿರ್ತೀರಾ?"

"ಆಂಟಿ ಅನ್ಬೇಡ. ನೀನು ಏನು ಮಾಡ್ತೀಯ ಅಂತ ಯೋಚನೆ ಮಾಡ್ತಾ ಇದೀನಿ."

"ನಾನಲ್ವಾ ಮಾಡೋದು? ನೀವ್ಯಾಕೆ ಯೋಚಿಸ್ಬೇಕು?"

"ಸತ್ಯ ಬರೆದ್ರೆ ಲಾಗ್‌ಬುಕ್ ಆಡಿಟ್‌ಗೆ ಹೋಗತ್ತೆ. ಇಂದ್ರೇಶ್ ಕಾರಿಂದ ಇಳೀದೇ ಇದ್ದ ಮನೆಗಳೆಲ್ಲ ಹೊರಗೆ ಬರತ್ತೆ. ನಿನ್ನ ಎರಡು ವರ್ಷ ಹೋಯ್ತು. ಆತನಿಗೆ ಇನ್ಯಾರನ್ನೂ ಸೂಪರ್‌ವೈಸ್ ಮಾಡೋಕೆ ಬಿಡಲ್ಲ."

"ಗೊತ್ತು."

"ಬರೀದೇ ಇದ್ರೆ ಮುಂದಿನ ತಿಂಗಳು ನೀನು ಸರ್ಟಿಫೈಡ್."

"ಅದೂ ಗೊತ್ತು. ಆಮೇಲೆ ನನ್ನ ಕೆಳಗೂ ಒಬ್ಬಳು ಪ್ರೊವಿಷನಲ್ ಬರ್ತಾಳೆ. ನಾನು ಕಾರಲ್ಲಿ ಕೂತು ಅವಳಿಗೆ 'ನೀನು ಚೆನ್ನಾಗಿ ನೋಡ್ತೀಯಾ ಬಿಡು' ಅಂತೀನಿ." ಮತ್ತೆ ಅವಳೇ ಕೇಳಿದಳು: "ಅದಿರ್ಲಿ, ನೀವು ದಿ ಪಾಂಡ್ಸ್ ನೋಡಿದೀರಾ?"

ಸಿಡ್ನಿಗೆ ನಾನು ಹೋದದ್ದು ಒಂದೇ ಸಲ, ಗೃಹಪ್ರವೇಶಕ್ಕೆ. ಅರ್ಧ ದಿನ. ಬಿಸಿಬೇಳೆಬಾತಿನ ಸಾಲು ನೆನಪಿದೆ, ಸಬರ್ಬಿನ ಹೆಸರು ನೆನಪಿಲ್ಲ.

"ಅಂದ್ರೆ ನೀವೂ ಫೋಟೋ ನೋಡಿಕೊಂಡೇ ಬರೀತಿದೀರಾ," ಎಂದಳು.

ನಾನು ಲ್ಯಾಪ್‌ಟಾಪ್ ಮುಚ್ಚಿದೆ. (ಲೇಖಕಿ ಪಾತ್ರದ ಮುಖದ ಮೇಲೆ ಲ್ಯಾಪ್‌ಟಾಪ್ ಮುಚ್ಚುವ ದೃಶ್ಯವನ್ನು ಎಡಿಟರು ಕತ್ತರಿಸಬಹುದು. ಅಭ್ಯಂತರವಿಲ್ಲ.)

೬

ಶುಕ್ರವಾರ, ಬೆಳಿಗ್ಗೆ. ಸಂಯುಕ್ತಾ ಆಫೀಸಿನಲ್ಲಿ, ಇನ್ನೂ ಬ್ಯಾಂಕಿಗೆ ಹೋಗದ ವರದಿಯನ್ನು ಕಂಪನಿಯ ಸಿಸ್ಟಮ್ಮಿನಿಂದ ಹಿಂದಕ್ಕೆ ಪಡೆದಳು. ಪಡೆದಾಗ ಇಬ್ಬರ ಸಹಿಯೂ ಅಳಿಸಿಹೋಗುತ್ತದೆ. ಟಿಕ್ ತೆಗೆದು ಬರೆದಳು: 'ಮಂಗಳವಾರ ಐದನೇ ಕೋಣೆಯನ್ನು ಪ್ರವೇಶಿಸಿಲ್ಲ. ಸೂಪರ್‌ವೈಸರ್ ಮನೆಯನ್ನು ಪ್ರವೇಶಿಸಿಲ್ಲ.' ಆಮೇಲೆ ಇಂದ್ರೇಶನ ಮೇಜಿನ ಬಳಿ ಹೋಗಿ ಟ್ಯಾಬ್ಲೆಟ್ ತೋರಿಸಿದಳು.

ಅವನು ಎರಡು ಸಲ ಓದಿದ.

"ಎರಡನೇ ಸೆಂಟೆನ್ಸ್ ಬೇಕಾ?"

"ಬೇಕು ಸರ್."

"ನನಗೋಸ್ಕರ ಅಲ್ಲ ಕಣಮ್ಮಾ ಕೇಳ್ತಿರೋದು. ನಿನ್ನ ಬುಕ್ ಓಪನ್ ಆಗತ್ತೆ."

"ನಾನೀಗ ಮತ್ತೆ ಆ ಮನೆಗೆ ಹೋಗ್ತಿದೀನಿ. ನೀವೂ ಬನ್ನಿ. ಹಳೇದನ್ನ ನಾನು ಅಳಿಸಲ್ಲ, ಇವತ್ತಿಂದನ್ನ ಅದರ ಕೆಳಗೆ ಬರೀತೀನಿ."

ಅವನು ಕಾರಿನ ಕೀ ತೆಗೆದುಕೊಂಡ. ದಿ ಪಾಂಡ್ಸ್‌ನಲ್ಲಿ ರಸ್ತೆಯಾಚೆ ಕಾರು ನಿಲ್ಲಿಸಿದ; ಸಂಯುಕ್ತಾ ಇಳಿದಳು, ಅವನು ಇಳಿಯಲಿಲ್ಲ.

ರತ್ನವ್ವನೇ ಬಾಗಿಲು ತೆಗೆದರು. ಸಂಯುಕ್ತಾ ಶೂ ಬಿಚ್ಚಿ, ಅವತ್ತು ಪೂಜಾ ಕೋಣೆಯೊಳಗೆ ಬರಲಿಲ್ಲ ಎಂದಳು. ಯಾಕೆಂದೂ ಹೇಳಿದಳು.

"ಅಯ್ಯ ನಮ್ಮವ್ವಾ!" ಮುದುಕಿ ನಗಲಿಕ್ಕೆ ಶುರುಮಾಡಿದರು. "ಅದಕ್ಕಂತ ಹೊರಗ ನಿಂತಿದ್ದೇನ? ಲಿಂಗ ಕಟ್ಟಿದ ಮನ್ಯಾಗ ಆ ಮುಟ್ಟುಚಟ್ಟು ಎಲ್ಲೀದ? ನನಗ ಒಂದು ಮಾತು ಕೇಳಿದ್ರ ಅವತ್ತ ಕೈ ಹಿಡದ ಕರಕೊಂಡ ಹೋಗ್ತಿದ್ದೆ."

ಈಗ ನಿಜವಾಗಿಯೂ ಕೈ ಹಿಡಿದು ಕರೆದುಕೊಂಡು ಹೋದರು. ಎಡಗಡೆಯ ಮೂಲೆಯಲ್ಲಿ, ಎಣ್ಣೆ ಡಬ್ಬಿಗಳ ಹಿಂದೆ, ಸೊಂಟದೆತ್ತರಕ್ಕೆ ಕಂದು ಕಲೆ. ಬಣ್ಣ ಹೊಪ್ಪಳೆ ಎದ್ದಿತ್ತು. ಸಂಯುಕ್ತಾ ಅಂಗೈ ಇಟ್ಟಳು. ತಣ್ಣಗಿತ್ತು, ಒದ್ದೆಯಿತ್ತು. ಫೋಟೋ ತೆಗೆದಳು, ಈ ಸಲ ಒಳಗಿನಿಂದ.

"ಅವರ್ಯಾರು ಕಾರಿನ್ಯಾಗ ಕುಂತವರು?" ಕಿಟಕಿಯಿಂದ ನೋಡುತ್ತ ರತ್ನವ್ವ ಕೇಳಿದರು.

"ನಮ್ಮ ಸರ್."

"ಹಂಗಾರ ಅವರೂ ಬರಲಿ. ಚಾ ಇಡ್ತೀನಿ."

೭

ಈಗ ಮುಗಿಸಬೇಕು. ಮೂರು ಬರೆದಿಟ್ಟಿದ್ದೇನೆ.

(ಅ) ಇಂದ್ರೇಶ್ ಇಳಿದು ಬರುತ್ತಾನೆ, ಕಲೆ ನೋಡುತ್ತಾನೆ, ಎರಡೂ ವಾಕ್ಯಗಳ ಕೆಳಗೆ ಸಹಿ ಹಾಕುತ್ತಾನೆ, ಕಳೆದ ಆರು ತಿಂಗಳಲ್ಲಿ ತಾನು ಇಳಿಯದ ಮನೆಗಳ ಪಟ್ಟಿಯನ್ನು ತಾನೇ ಬರೆದು ಕೊಡುತ್ತಾನೆ.

(ಆ) ಇಂದ್ರೇಶ್ ಕಾರು ಸ್ಟಾರ್ಟ್ ಮಾಡುತ್ತಾನೆ. ಸಂಯುಕ್ತಾ ಬಸ್ಸಿನಲ್ಲಿ ನಾರ್ವೆಸ್ಟಿಗೆ ಹೋಗುತ್ತಾಳೆ, ಲಾಗ್‌ಬುಕ್ಕಿನ ಮೊದಲ ಸಾಲಿನಿಂದ ಶುರುಮಾಡುತ್ತಾಳೆ.

(ಇ) ಇದರಲ್ಲಿ ಕಂಪನಿಯ ಮ್ಯಾನೇಜರು ತುಂಬ ಒಳ್ಳೆಯವರು. ಓದಿ ನನಗೇ ನಗು ಬಂತು.

ಮೂರನ್ನೂ ಸಂಯುಕ್ತಾಳಿಗೆ ತೋರಿಸಿದೆ.

"ನಂದು ನಾನು ಬರೆದಾಯ್ತು," ಎಂದಳು. "ಮುಂದಿನದು ಸರ್‌ದು. ಅವರು ಮಾಡದೇ ಇರೋದನ್ನ ಅವರ ಹೆಸರಲ್ಲಿ ನೀವು ಬರೆದ್ರೆ, ಮಂಗಳವಾರದ ಟಿಕ್ಕಿಗೂ ಇದಕ್ಕೂ ಏನು ವ್ಯತ್ಯಾಸ?"

ಮೂರನ್ನೂ ಅಳಿಸಬಹುದಿತ್ತು. ಅವಳ ಹಾಗೆ ನಾನೂ ಅಳಿಸದೆ ಬಿಟ್ಟಿದ್ದೇನೆ. ಓದಿ, ಆದರೆ ನಂಬಬೇಡಿ.

ಚಿನ್ಮಯಿಯ ಲಾಗ್‌ಬುಕ್ಕಿನಲ್ಲಿ ಭಾನುವಾರದ ಒಂದು ಗಂಟೆಯ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ಅಮ್ಮ ಮಲಗಿದ್ದಳು' ಎಂದು ಬರೆದೆ. "ಆರ್ ಯೂ ಸೀರಿಯಸ್?" ಎಂದು ಮೂರು ಸಲ ಕೇಳಿದಳು. ನಾಳೆ ಮತ್ತೆ ಹೋಗುತ್ತೇವೆ. ಮೊದಲು ಕಾಫಿ ಕುಡಿಯುತ್ತೇನೆ.

ದಿ ಪಾಂಡ್ಸ್‌ನಲ್ಲಿ ಇನ್ನೂ ಶುಕ್ರವಾರ ಹನ್ನೊಂದು ಗಂಟೆ. ಚಾ ಕುದಿಯುತ್ತಿದೆ. ರತ್ನವ್ವ ಮೂರು ಕಪ್ಪು ತೆಗೆದಿಟ್ಟಿದ್ದಾರೆ. ರಸ್ತೆಯಾಚೆ ಕಾರಿನ ಇಂಜಿನ್ ಆಫ್ ಆಗಿದೆ. ಒಳಗೆ ಒಬ್ಬ ಮನುಷ್ಯ ಸೀಟ್ ಬೆಲ್ಟ್ ಮೇಲೆ ಕೈ ಇಟ್ಟುಕೊಂಡು ತೆರೆದ ಮುಂಬಾಗಿಲನ್ನು ನೋಡುತ್ತಿದ್ದಾನೆ.

ಕಾರಿನ ಬಾಗಿಲು ತೆಗೆಯುವ ಹಿಡಿ ಒಳಗಡೆ, ಅವನ ಕೈಗೆಟುಕುವಲ್ಲೇ ಇದೆ.